ಸಾವೆರಿಯಳ ಮಂಚ

ಸೆಪ್ಟೆಂಬರ್ 5, 1957. ಪಿಯೆತ್ರಾಮಾರ

ನಿಕೊದೇಮೊ ಬೆಳಿಗ್ಗೆ ಹೊರಟ. ಅವನು ಕೆಲಸ ಮಾಡುವ ಹಡಗು ನಾಡಿದ್ದು ಜೆನೋವಾ ಬಿಡುತ್ತದೆ, ಅರ್ಜೆಂಟೀನಾಕ್ಕೆ. ಹೋಗುವಾಗ ನನ್ನ ಹಣೆ ಮುಟ್ಟಿ, "ಅಮ್ಮ ಇದ್ದಾಳಲ್ಲ" ಅಂದ. ಅದೇ ನನ್ನ ಭಯ ಅಂತ ಹೇಳಲಿಲ್ಲ.

ರಜೆಗೆಂದು ಬಂದವಳು ನಾನು. ಬೇಸಿಗೆಯಲ್ಲಿ ಗಂಡನ ಊರಿನಲ್ಲಿ ಎರಡು ವಾರ ಇದ್ದು, ಸಮುದ್ರದಲ್ಲಿ ಕಾಲು ನೆನೆಸಿ, ಉತ್ತರಕ್ಕೆ ನಮ್ಮ ಫೆರಾರಾಕ್ಕೆ ವಾಪಸಾಗುವುದು ಅಂತ ಮಾತಾಗಿತ್ತು. ಆಗಸ್ಟಿನಲ್ಲಿ, ಬಂದ ಮರುದಿನ, ದೇವಮಾತೆಯ ಹಬ್ಬದ ದಿನವೇ ರಕ್ತ ಕಾಣಿಸಿತು. ಪೇಟೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದ ಡಾಕ್ಟರ್ ಮಲಾರ, ಮಗು ಇನ್ನೂ ಇದೆ, ಆದರೆ ನೂಲೆಳೆಯಲ್ಲಿ ತೂಗುತ್ತಿದೆ ಅಂದರು. ರೈಲು ಕೂಡದು, ಬಸ್ಸು ಕೂಡದು, ಕತ್ತೆಗಾಡಿಯಂತೂ ಬೇಡವೇ ಬೇಡ. ಹೆರಿಗೆಯಾಗುವ ತನಕ ಪಾದ ನೆಲಕ್ಕೆ ತಾಗಬಾರದು. ಇದಕ್ಕೆ ಮುಂಚೆ ಮೂರು ಕಳೆದುಕೊಂಡಿದ್ದೇನೆ. ಎದುರು ಮಾತಾಡಲಿಲ್ಲ.

ಮಂಚ ನಿಕೊದೇಮೊನ ತಾಯಿ ಸಾವೆರಿಯ ಅವರದು. ಮದುವೆಯಾಗಿ ಬಂದ ದಿನದಿಂದ ಅವರು ಮಲಗಿದ ಮಂಚ, ಮಕ್ಕಳನ್ನೆಲ್ಲ ಹೆತ್ತ ಮಂಚ. ಅದರ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾರೆ. ನನ್ನ ತಲೆ ಕೆಳಗೆ, ಕಾಲು ಮೇಲೆ. ಅವರು ಅಡುಗೆಮನೆಯಲ್ಲಿ ಬೆಂಚಿನ ಮೇಲೆ ಮಲಗುತ್ತಾರೆ. ಕಿಟಕಿ ನನ್ನ ಬಲಕ್ಕಿದೆ, ಎತ್ತರದಲ್ಲಿ. ಸಮುದ್ರ ಕೇಳಿಸುತ್ತದೆ, ಕಾಣುವುದಿಲ್ಲ.

ಪೋ ನದಿಯ ದಂಡೆಯ ಊರುಗಳಿಗೆ ಸೈಕಲ್ ತುಳಿದು ಅಂಚೆ ಹಂಚುತ್ತಿದ್ದವಳು ನಾನು. ಹಗಲಲ್ಲಿ ಬೆಕ್ಕಿನ ಹಾಗೆ ಮಲಗಿ ಗೊತ್ತಿಲ್ಲ.

ಸೆಪ್ಟೆಂಬರ್ 9

ಇದನ್ನು ಯಾರಿಗೂ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮಲಗಿದಲ್ಲೇ ಎಲ್ಲ. ಪಾತ್ರೆ ಇಡುವವರು ಸಾವೆರಿಯ ಅವರು, ತೆಗೆಯುವವರು ಅವರು, ತೊಳೆಯುವವರು ಅವರು. ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತೇನೆ. ಅವರು ಒಂದು ಮಾತಾಡುವುದಿಲ್ಲ. ಹಿಟ್ಟು ನಾದುವವರ ಹಾಗೆ ನನ್ನನ್ನು ಹೊರಳಿಸಿ, ಒರೆಸಿ, ಬಟ್ಟೆ ಎಳೆದು ಹೋಗುತ್ತಾರೆ. ಬೈದರೂ ಚೆನ್ನಾಗಿತ್ತು.

ಕಿಟಕಿಯ ಕೆಳಗೆ ಹೆಂಗಸರು ಕೂತು ಮೀನು ಶುಚಿ ಮಾಡುತ್ತಾರೆ. ಅವರ ಮಾತು ನನಗೆ ಅರ್ಧ ಅರ್ಥವಾಗುತ್ತದೆ. ಒಬ್ಬಳ ದನಿ ಮಾತ್ರ ಎಲ್ಲರಿಗಿಂತ ಮೇಲೆ, ಗಂಡುದನಿ. ಮೀಕ ಅಂತ ಹೆಸರು, ಪಕ್ಕದ ಮನೆಯವಳು. ನನ್ನನ್ನು 'ಆ ಉತ್ತರದವಳು' ಅನ್ನುತ್ತಾಳೆ.

ಸೆಪ್ಟೆಂಬರ್ 17

ಇವತ್ತು ಅರ್ಧವಲ್ಲ, ಪೂರ್ತಿ ಅರ್ಥವಾಯಿತು.

ಮೀಕ ಕೇಳಿದಳು, "ನಿಲ್ಲುತ್ತಾ ಈ ಬಸಿರಾದರೂ?"

ಸಾವೆರಿಯ ಅವರ ಉತ್ತರ: "ಯಾರಿಗೆ ಗೊತ್ತು. ನನ್ನ ಮಗ ಅಷ್ಟು ದೂರ ಹೋಗಿ ಒಣಕೊಂಬೆ ಕಡ್ಕೊಂಡು ಬಂದ."

ಹೆಂಗಸರು ನಕ್ಕರು. ಮಧ್ಯಾಹ್ನ ಸಾವೆರಿಯ ಅವರು ಬೇಳೆ ಸಾರು ತಂದಾಗ ನಾನು ಬಾಯಿ ತೆರೆಯಲಿಲ್ಲ. ಚಮಚ ಹಿಡಿದು ಎಷ್ಟೋ ಹೊತ್ತು ಕಾದರು. ಕೊನೆಗೆ, "ನಿನಗೆ ಬೇಡದಿದ್ರೆ ಬೇಡ, ಒಳಗಿರೋದಕ್ಕೆ ಬೇಕಲ್ಲ" ಅಂದರು.

ಅವರಿಗೆ ಬೇಕಾದ್ದು ಒಳಗಿರುವುದು. ನಾನು ಅದರ ಸುತ್ತಲಿನ ಚೀಲ.

ಅಕ್ಟೋಬರ್ 2

ಮಳೆ. ಚಾವಣಿಯಲ್ಲಿ ಒಂದು ಕಲೆ ದೊಡ್ಡದಾಗುತ್ತಿದೆ. ದಿನವಿಡೀ ಅದನ್ನೇ ನೋಡಿದೆ. ದೇವರೇ, ಇದನ್ನು ಕೊಡುವುದಿದ್ದರೆ ಕೊಡು, ಕಸಿಯುವುದಿದ್ದರೆ ಇವತ್ತೇ ಕಸಿ.

ಬರೆದ ಮೇಲೆ ಹೆದರಿ, ಹೊಟ್ಟೆಯ ಮೇಲೆ ಕೈಯಿಟ್ಟು ತಪ್ಪಾಯಿತು ಅಂದೆ.

ಅಕ್ಟೋಬರ್ 14

ಒದೆಯಿತು! ಮೊದಲು ವಾಯು ಅಂದುಕೊಂಡೆ. ಮತ್ತೊಮ್ಮೆ ಒದೆಯಿತು. ಹಿಂದಿನ ಮೂರರಲ್ಲಿ ಇಲ್ಲಿಯತನಕ ಬಂದದ್ದೇ ಇಲ್ಲ. ಯಾರಿಗಾದರೂ ಹೇಳಬೇಕಲ್ಲ, ಮನೆಯಲ್ಲಿ ಇರುವವರು ಅವರೊಬ್ಬರೇ. ಕೂಗಿದೆ. ಮೆಣಸಿನಕಾಯಿ ಪೋಣಿಸುತ್ತಿದ್ದವರು ಬಂದು ನಿಂತರು. ಕೈಗೆ ಖಾರ ಹತ್ತಿದೆ ಅಂತ ಮುಟ್ಟಲಿಲ್ಲ, ಕೆನ್ನೆಯನ್ನು ಹೊಟ್ಟೆಗೆ ಆನಿಸಿದರು. ತುಂಬ ಹೊತ್ತು ಹಾಗೇ ಇದ್ದರು.

ಆಮೇಲೆ ಎಲ್ಲ ಕೆಟ್ಟಿತು. ಗಂಡಾದರೆ ತನ್ನ ಗಂಡನ ಹೆಸರು ಬ್ರೂನೊ, ಹೆಣ್ಣಾದರೆ ಸಾವೆರಿಯ ಅಂದರು. ಕೇಳಿದ್ದಲ್ಲ, ಹೇಳಿದ್ದು. ಇಲ್ಲಿ ಪದ್ಧತಿ ಹಾಗೇ ಅಂತೆ, ಗಂಡನ ತಾಯಿಯ ಹೆಸರು ಮೊದಲ ಹೆಣ್ಣಿಗೆ. ಹೆಣ್ಣಾದರೆ ನನ್ನ ತಾಯಿಯ ಹೆಸರು, ಎಲ್ವಿರ, ಅಂದೆ. ನನ್ನ ತಾಯಿ ಯುದ್ಧದ ಕೊನೆಯ ಚಳಿಗಾಲ ತೀರಿಹೋದಳು. ಅವಳ ಹೆಸರು ಎತ್ತುವವರು ನನ್ನ ಬಿಟ್ಟು ಯಾರೂ ಇಲ್ಲ.

"ನಾನು ಬದುಕಿರೋವಾಗಲೇ ನನ್ನ ಹೆಸರು ದಾಟಿಸ್ತೀಯಾ? ಊರವರು ನನ್ನ ಮುಖಕ್ಕೆ ಉಗೀತಾರೆ" ಅಂದರು.

"ಒಣಕೊಂಬೆಯಲ್ಲಿ ಬಿಟ್ಟ ಹಣ್ಣಿಗೆ ಯಾಕೆ ನಿಮ್ಮ ಹೆಸರು?" ಅಂದುಬಿಟ್ಟೆ.

ಅವರು ಸ್ವಲ್ಪವೂ ಅಳುಕಲಿಲ್ಲ. "ಕೇಳಿಸ್ತಾ? ಹೌದು, ಅಂದೆ. ನನ್ನತ್ತೆ ನನಗೆ ಮುಖದ ಮೇಲೇ ಅಂದಿದ್ದಳು. ನಾನು ಬೀದಿಗೆ ಹೋಗಿ ಅಂದೆ, ಅಷ್ಟಾದರೂ ನೆನಪಿಟ್ಟುಕೋ."

ಹೊರಗೆ ಹೋದ ಮೇಲೆ ನನಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

ನವೆಂಬರ್ 2

ಸತ್ತವರ ದಿನ. ಸಾವೆರಿಯ ಬೆಳಿಗ್ಗೆಯೇ ಮೇಣದಬತ್ತಿ ಕಟ್ಟಿಕೊಂಡು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದರು. ಊರಿಗೆ ಊರೇ ಹೋಗಿತ್ತು. ಕಿಟಕಿಯ ಕೆಳಗೆ ಒಂದು ದನಿಯಿಲ್ಲ, ಸಮುದ್ರವೊಂದೇ. ಮನೆಗೆ ಬೆಂಕಿ ಬಿದ್ದರೂ ನಾನು ಏಳುವ ಹಾಗಿಲ್ಲವಲ್ಲ ಅಂತ ಹೊಳೆದು ಬೆವೆತುಹೋದೆ.

ಬಂದವರ ಲಂಗದ ಅಂಚಿನಲ್ಲಿ ಮಣ್ಣು. ನನ್ನ ತಲೆ ಬಾಚುತ್ತ, ಕೇಳದೆಯೇ ಹೇಳಿದರು. ಗಂಡನ ಪಕ್ಕದಲ್ಲಿ ಬತ್ತಿ ಹಚ್ಚಿದರಂತೆ. ಇನ್ನೆರಡು ಬತ್ತಿ ಸ್ಮಶಾನದ ಗೋಡೆಯ ಆಚೆಗೆ. ಅಲ್ಲಿ ಅವರ ಎರಡು ಕೂಸುಗಳಿವೆ. ಹುಟ್ಟಿದೊಡನೆ ಹೋದವು, ತಲೆಗೆ ನೀರು ಹಾಕಿ ಹೆಸರಿಡುವುದಕ್ಕೂ ಮುಂಚೆ. ದೀಕ್ಷಾಸ್ನಾನವಾಗದವಕ್ಕೆ ಪಾದ್ರಿ ಗೋಡೆಯೊಳಗೆ ಜಾಗ ಕೊಡಲಿಲ್ಲ.

"ಯಾವುದರ ಮೇಲೆ ಯಾವ ಬತ್ತಿ ಇಡ್ತಿದೀನಿ ಅಂತಾನೂ ಗೊತ್ತಾಗಲ್ಲ ಕಣೇ. ಕರೆಯೋಣ ಅಂದ್ರೆ ಹೆಸರಿಲ್ಲ."

ನನ್ನ ಮೂರಕ್ಕೂ ಹೆಸರಿಲ್ಲ, ಜಾಗವೂ ಇಲ್ಲ. ಹೇಳಿದೆ. ಅವರು ಸಿಕ್ಕೊಂದನ್ನು ಬೆರಳಿನಿಂದ ಬಿಡಿಸಿ ಮತ್ತೆ ಬಾಚಿದರು.

ನವೆಂಬರ್ 13

ಇನ್ನು ಆಗುವುದಿಲ್ಲ. ಬೆನ್ನಿನಲ್ಲಿ ಹುಣ್ಣಾಗಿದೆ. ಕಣ್ಣು ಮುಚ್ಚಿದರೆ ಇಡೀ ಮನೆ ತಲೆಯ ಕಡೆಗೆ ಜಾರುತ್ತದೆ. ಇಲ್ಲೇ ಸತ್ತರೆ ನಾನೂ ಆ ಗುಡ್ಡದ ಮೇಲೆ, ನನ್ನ ಭಾಷೆ ತಿಳಿಯದವರ ನಡುವೆ. ನನಗೆ ನನ್ನೂರು ಬೇಕು. ಮಂಜು ಬೇಕು, ಚಪ್ಪಟೆ ನೆಲ ಬೇಕು. ಅಲ್ಲಿ ದೊಡ್ಡಾಸ್ಪತ್ರೆಯಿದೆ, ನನ್ನಣ್ಣನಿದ್ದಾನೆ.

ಅತ್ತೆ ಆಲಿವ್ ಆಯಲು ಹೋಗಿದ್ದರು. ಅವರ ತಮ್ಮ ಕೋಸಿಮೊ ಮೀನು ಕೊಡಲು ಬಂದ. ಒಳಗೆ ಕರೆದೆ. ಹೆಂಗಸು ಮಲಗಿದ ಕೋಣೆಗೆ ಬರಲು ನಾಚಿ, ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ. ಗಾಡಿಗೆ ಹುಲ್ಲು ಹಾಸಿ ನನ್ನನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸು ಅಂತ ಬೇಡಿಕೊಂಡೆ. ಅತ್ತೂ ಬಿಟ್ಟೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ನಾಳೆ ಅಕ್ಕ ಆಲಿವ್‌ಗೆ ಹೋದ ಮೇಲೆ ಬರುತ್ತೇನೆ ಅಂದ.

ಅಂಗಿ ಒಂದು, ಶಾಲು ಒಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ನವೆಂಬರ್ 14

ಒಳಗೆ ಬಂದದ್ದು ಕೋಸಿಮೊ ಅಲ್ಲ. ಅತ್ತೆ ಆಲಿವ್‌ಗೆ ಹೋಗಲೇ ಇಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಅವರು ಕೂತದ್ದನ್ನು ನೋಡಿದ್ದೇ ಅಪರೂಪ.

"ಕೋಸಿಮೊ ಎಲ್ಲ ಹೇಳಿದ. ಗಾಡಿ ಬಾಗಿಲಲ್ಲಿ ನಿಂತಿದೆ. ಹುಲ್ಲೂ ಹಾಸಿದೆ. ಹೋಗು, ನಾನು ತಡೆಯಲ್ಲ. ಆದ್ರೆ ಒಂದು ಹೇಳು. ಸೇತುವೆ ಹತ್ರ ಆ ಕುಲುಕಾಟದಲ್ಲಿ ಅದು ಜಾರಿತು ಅಂದ್ಕೋ. ಎತ್ತಿಕೊಳ್ಳೋರು ಯಾರು? ಕೋಸಿಮೊನಾ? ಅವನು ಗಂಡಸು, ಕತ್ತೆ ಬಿಟ್ಟು ಓಡ್ತಾನೆ. ಎತ್ತಿಕೊಳ್ಳೋರು ಯಾರು ಅಂತ ಹೇಳು, ಅವರನ್ನೂ ಕೂರಿಸಿ ಕಳಿಸ್ತೀನಿ."

ಹೊರಗೆ ಕತ್ತೆ ಗೊರಸು ಕೆರೆಯುವುದು ಕೇಳುತ್ತಿತ್ತು.

"ನಿಮಗೆ ನಾನು ಬೇಕಿಲ್ಲ, ಮಗು ಬೇಕು" ಅಂದೆ.

"ನಿನ್ನನ್ನ ಬಿಟ್ಟು ಮಗು ಎಲ್ಲಿಟ್ಟಿದೀಯ ತೋರಿಸು" ಅಂದರು. ಎದ್ದು ಹೋಗಿ ಗಾಡಿ ವಾಪಸು ಕಳಿಸಿದರು. ಆಲಿವ್ ಎಣ್ಣೆ ಬೆಚ್ಚಗೆ ಮಾಡಿ ತಂದು ನನ್ನ ಬೆನ್ನಿಗೆ ಹಚ್ಚಿದರು. ಹುಣ್ಣಿದೆ ಅಂತ ಯಾಕೆ ಹೇಳಲಿಲ್ಲ ಅಂತ ಆಗ ಬೈದರು, ಮನಸ್ಸು ತುಂಬ ಬೈದರು.

ನವೆಂಬರ್ 27

ಹೊರಗೆ ಗಾಳಿ, ಅದಕ್ಕೆ ಹೆಂಗಸರನ್ನೆಲ್ಲ ಅತ್ತೆ ಒಳಗೇ ಕರೆದಿದ್ದಾರೆ, ಅಡುಗೆಮನೆಗೆ. ಒಣ ಅಂಜೂರ ಸೀಳಿ ಆಕ್ರೋಟು ತುಂಬುವ ಕೆಲಸ. ನನ್ನ ಪಾಲಿನ ತಟ್ಟೆಯನ್ನು ನನ್ನ ಹೊಟ್ಟೆಯ ಮೇಲೇ ಇಟ್ಟರು. ಒಳಗಿರುವುದು ಒದ್ದಾಗ ಅಂಜೂರಗಳು ಉರುಳುತ್ತವೆ. ಬಾಗಿಲ ಆಚೆಯಿಂದ ಮೀಕ, "ಈಗಲೇ ಕದಿಯೋಕೆ ಶುರು ಮಾಡ್ತಾ? ಹಾಗಾದ್ರೆ ನಮ್ಮೂರಿನದೇ" ಅಂದಳು. ಅವಳ ಮುಖ ಇನ್ನೂ ನೋಡಿಲ್ಲ. ದೊಡ್ಡ ಹೆಂಗಸಿರಬೇಕು, ಬಾಗಿಲು ತುಂಬುವಂಥವಳು.

ಡಾಕ್ಟರ್ ಬಂದಿದ್ದರು. ಕಿವಿಗೊಟ್ಟು ಕೇಳಿ, ಕೂಸಿನ ಗುಂಡಿಗೆ ಚೆನ್ನಾಗಿದೆ, ಜನವರಿ ಮುಗಿಯುವವರೆಗೆ ಹೇಗಾದರೂ ತಡೆದುಕೊಳ್ಳಿ ಅಂದರು.

ಡಿಸೆಂಬರ್ 8

ಇವತ್ತು ದೇವಮಾತೆಯ ಇನ್ನೊಂದು ಹಬ್ಬ, ಕರಿದ ಹಿಟ್ಟಿನ ವಾಸನೆ ಊರೆಲ್ಲ. ಅತ್ತೆ ಕಜ್ಜಾಯದಂಥದ್ದು ಕರಿದು, ಊದಿ ಊದಿ ತಣಿಸಿ ಬಾಯಿಗಿಟ್ಟರು. ಸಮುದ್ರದ ಸದ್ದು ಬದಲಾಗಿದೆ ಅಂದೆ. ಹೌದು, ಗಾಳಿ ತಿರುಗಿದೆ, ನಾಳೆ ದೋಣಿ ಇಳಿಸಲ್ಲ ಅಂದರು. ಅವರಿಗಿಂತ ಮುಂಚೆ ನನಗೆ ಗೊತ್ತಾಗಿತ್ತು.

ಕೂಸಿನ ಬಟ್ಟೆ ಹೊಲಿಯುತ್ತಿದ್ದೇನೆ. ಇಷ್ಟು ಧೈರ್ಯ ಹಿಂದೆ ಯಾವತ್ತೂ ಮಾಡಿರಲಿಲ್ಲ.

ಡಿಸೆಂಬರ್ 18

ಸೊಂಟದಲ್ಲಿ ನೋವು. ಬಂದು ಹೋಗುತ್ತದೆ. ಮಲಗಿ ಮಲಗಿ ಹೀಗೆ ಅಂದೆ. ಅತ್ತೆ ನನ್ನ ಮುಖ ನೋಡಿ, ಸೂಲಗಿತ್ತಿಗೆ ಹೇಳಿಕಳಿಸಿದರು.

ಬೇಡ. ಇನ್ನೂ ಬೇಡ. ಇನ್ನೊಂದು ತಿಂಗಳು. ಮಗಾ, ಗಟ್ಟಿಯಾಗಿ ಹಿಡಿದುಕೋ.

ಡಿಸೆಂಬರ್ 21

ಹೆಣ್ಣು. ನನ್ನ ಎದೆಯ ಮೇಲಿದ್ದಾಳೆ, ಅದಕ್ಕೆ ಅಕ್ಷರ ಓರೆ.

ಮೊನ್ನೆ ಬೆಳಿಗ್ಗೆ ಹುಟ್ಟಿದಳು. ಅಳಲಿಲ್ಲ. ನೀಲಿಯಾಗಿದ್ದಳು. ಸೂಲಗಿತ್ತಿ ಬೆನ್ನು ತಟ್ಟುತ್ತಿದ್ದಳು, ಅತ್ತೆ ಕಾಯಲಿಲ್ಲ, ಬಟ್ಟಲಿನ ನೀರು ಎತ್ತಿ ಪುಟ್ಟ ತಲೆಗೆ ಹೊಯ್ದು, "ಎಲ್ವಿರ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಅಂದರು. ನನಗೆ ಕೇಳಿದ್ದು ಸರಿಯಾ ಅನ್ನಿಸಿತು. ನೀರು ಬಿದ್ದದ್ದಕ್ಕೋ ಏನೋ ಅವಳು ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿದಳು.

ನನ್ನ ಅಂಗೈ ಮತ್ತು ಅರ್ಧ ಮುಂಗೈ ಉದ್ದ. ಉಣ್ಣೆಯಲ್ಲಿ ಸುತ್ತಿ, ಅಕ್ಕಪಕ್ಕ ಬಿಸಿನೀರಿನ ಸೀಸೆ. ಮೊಲೆ ಹಿಡಿಯುವ ಶಕ್ತಿಯಿಲ್ಲ. ಹಾಲು ಹಿಂಡಿ, ಅದರಲ್ಲಿ ಬಟ್ಟೆಯ ಬತ್ತಿ ಅದ್ದಿ ತುಟಿಗೆ ಮುಟ್ಟಿಸುತ್ತೇವೆ. ಹೆಂಗಸರು ಸರದಿಯಲ್ಲಿ ನೀರು ಕಾಯಿಸಿ ತರುತ್ತಾರೆ, ಒಳಗೆ ಬರದೆ ಬಾಗಿಲಲ್ಲೇ ಕೊಡುತ್ತಾರೆ. ಡಾಕ್ಟರ್ ಬಂದರು. ಪೇಟೆಗೆ ಒಯ್ಯಬಹುದಾ ಅಂದೆ. ಈ ಚಳಿಯಲ್ಲಿ ದಾರಿಯೇ ಕೊಲ್ಲುತ್ತದೆ, ನಿಮ್ಮ ಮೈಗಿಂತ ಬೆಚ್ಚಗಿನದು ನನ್ನ ಹತ್ತಿರ ಏನೂ ಇಲ್ಲ ಅಂದರು.

ಉಗುರುಗಳಿವೆ. ಎಲ್ಲ ಬೆರಳಿಗೂ.

ಡಿಸೆಂಬರ್ 24

ಹೋದಳು.

ಡಿಸೆಂಬರ್ 29

ಹೇಗಾಯಿತೆಂದು ಬರೆದಿಡಬೇಕು.

ಮೂರು ದಿನ ನಾನು ರೆಪ್ಪೆ ಮುಚ್ಚಿರಲಿಲ್ಲ. ಸ್ವಲ್ಪ ಮಲಗು, ನಾನು ಎತ್ತಿಕೊಂಡಿರ್ತೀನಿ ಅಂದಳು ಅಮ್ಮ. ಅತ್ತೆ ಅನ್ನಲು ಇನ್ನು ಬಾಯಿ ಬರುವುದಿಲ್ಲ. ಮಲಗಿದೆ. ಎಚ್ಚರವಾದಾಗ ಬಿಸಿಲು ಬಂದಿತ್ತು. ಅವಳು ಕುರ್ಚಿಯಲ್ಲಿ ಕೂತು, ಕೂಸನ್ನು ರವಿಕೆಯೊಳಗೆ ತನ್ನ ಮೈಗೆ ಒತ್ತಿ ಹಿಡಿದು ಮೆಲ್ಲಗೆ ತೂಗುತ್ತಿದ್ದಳು. ನಾನು ಕೈ ಚಾಚಿದೆ. ಕೊಡಲಿಲ್ಲ. ಆಗ ತಿಳಿಯಿತು.

ಯಾವಾಗ ಅಂದೆ. ಕೋಳಿ ಕೂಗೋ ಮುಂಚೆ ಅಂದಳು.

"ಯಾಕೆ ಎಬ್ಬಿಸಲಿಲ್ಲ?"

"ನೀನು ಮಲಗಿರೋ ತನಕ ನಿನಗೆ ಮಗು ಇತ್ತು. ಇನ್ನೊಂದು ಗಳಿಗೆ ಇರಲಿ ಅಂದ್ಕೊಂಡೆ."

ಕೈಗೆ ಕೊಟ್ಟಾಗ ಕೂಸು ಬೆಚ್ಚಗೇ ಇತ್ತು, ಅವಳ ಮೈಯ ಬಿಸಿ.

ಕೋಸಿಮೊ ದೋಣಿಯ ಹಲಗೆಯಲ್ಲಿ ಪೆಟ್ಟಿಗೆ ಮಾಡಿದನಂತೆ. ಅವತ್ತೇ, ಕ್ರಿಸ್ಮಸ್ಸಿನ ಹಿಂದಿನ ದಿನವೇ ಒಯ್ದರು. ತಲೆಗೆ ನೀರು ಬಿದ್ದಿತ್ತಲ್ಲ, ಗೋಡೆಯ ಒಳಗೆ ಜಾಗ ಸಿಕ್ಕಿತು. ನನಗೆ ಹೋಗಲಾಗಲಿಲ್ಲ. ಬೀದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿದೆ, ಅದು ಮೇಲಕ್ಕೆ ಹೋಗಿ ಹೋಗಿ ಕೇಳದಾಯಿತು.

ಹಾಲು ಮಾತ್ರ ಬರುತ್ತಲೇ ಇದೆ.

ಜನವರಿ 5, 1958

ಬರೆಯಲು ಏನೂ ಇಲ್ಲ. ಈಗ ಏಳಬಹುದು ಅಂದಿದ್ದಾರೆ. ಯಾಕೆ ಏಳಬೇಕು?

ಜನವರಿ 13

ನಿಕೊದೇಮೊನ ತಂತಿ. ಸುದ್ದಿ ಅವನಿಗೆ ಬಂದರಿನಲ್ಲಿ ತಲುಪಿದೆ. ಫೆರಾರಾಕ್ಕೆ ಹೋಗಿರು, ಅಣ್ಣನಿಗೆ ಬರೆದಿದ್ದೇನೆ, ಫೆಬ್ರವರಿಯಲ್ಲಿ ಬರುತ್ತೇನೆ, ಇಷ್ಟೇ. ಅಮ್ಮ ತಂತಿಯನ್ನು ನನ್ನಿಂದ ಓದಿಸಿಕೊಂಡು, ಸರಿ, ನಡೆಯೋಕೆ ಬಂದರೆ ತಾನೇ ಹೋಗೋದು, ಏಳು ಅಂದಳು.

ಎದ್ದರೆ ಕಾಲುಗಳಿಲ್ಲ! ಇವೆ, ಆದರೆ ಬೇರೆ ಯಾರದೋ. ಮಂಚ ಬಿಟ್ಟೊಡನೆ ಮಡಚಿಕೊಂಡವು. ದಿನವಿಡೀ ಸೈಕಲ್ ತುಳಿದ ಕಾಲುಗಳು ಬೆಂಡಿನ ಕಡ್ಡಿಯಾಗಿವೆ. ಅಮ್ಮ ಹಿಂದೆ ನಿಂತು ನನ್ನ ಕಂಕುಳಿಗೆ ಕೈಕೊಟ್ಟು, ತನ್ನ ಪಾದದಿಂದ ನನ್ನ ಹಿಮ್ಮಡಿಯನ್ನು ಮುಂದಕ್ಕೆ ತಳ್ಳಿ, ಒಂದು, ಇನ್ನೊಂದು ಅಂತ ನಡೆಸಿದಳು. ಬಾಗಿಲ ತನಕ ಹೋಗಿ ಇಬ್ಬರಿಗೂ ಉಬ್ಬಸ.

ಇನ್ನೊಬ್ಬಳನ್ನು ಹೀಗೆ ನಡೆಸಬೇಕಾಗಿತ್ತು. ಇಬ್ಬರಿಗೂ ಅದೇ ಹೊಳೆದಿರಬೇಕು, ಇಬ್ಬರೂ ಹೇಳಲಿಲ್ಲ.

ಜನವರಿ 20

ಅಡುಗೆಮನೆಯ ತನಕ ಒಬ್ಬಳೇ ಹೋದೆ. ಬೆಂಚಿನ ಮೇಲೆ ಕೂತು, ಇಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿದೆ. ಸಾವೆರಿಯ ಅಂತ ಯಾಕೆ ಕರೆಯಲಿಲ್ಲ? ನನ್ನ ಮೇಲೆ ಕರುಣೆಯಿಂದಲೋ?

ಅವಳು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನೋಡಿದ ಕೂಡಲೇ ಗೊತ್ತಾಯ್ತು, ಇದು ನಿಲ್ಲೋ ಕೂಸಲ್ಲ ಅಂತ. ಒಬ್ಬಳೇ ಹೋಗ್ತಾಳಲ್ಲ, ಅಲ್ಲಿ ಕರೆದುಕೊಳ್ಳೋರು ಬೇಕಲ್ಲ. ನಿನ್ನ ತಾಯಿ ಅಲ್ಲಿದ್ದಾಳೆ. ತನ್ನ ಹೆಸರಿನವಳು ಬಂದ್ಲು ಅಂತ ಗುರುತು ಹಿಡೀತಾಳೆ. ನನ್ನ ಹೆಸರಿಟ್ಟಿದ್ರೆ ಯಾರು ಕರೀತಿದ್ರು? ನಾನಿನ್ನೂ ಇಲ್ಲೇ ಇದೀನಲ್ಲ."

ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಬಿಡಿಸಿದೆ. ಕಣ್ಣು ಮಂಜಾಗಿ ಸಿಪ್ಪೆ ಯಾವುದು ಕಾಳು ಯಾವುದು ತಿಳಿಯಲಿಲ್ಲ. ಬೇರೆ ಬೇರೆ ಮಾಡಲು ಅವಳಿಗೇ ಕೆಲಸವಾಯಿತು.

ಜನವರಿ 29

ಗುಡ್ಡಕ್ಕೆ ಹೋದೆವು. ಈ ಊರಿನ ಬೀದಿಯಲ್ಲಿ ನಾನು ಬೇಸಿಗೆಯ ಬಳಿಕ ಕಾಲಿಟ್ಟದ್ದು ಇವತ್ತು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಮೊಳಕಾಲಿಗೆ ಬರುವಷ್ಟೇ ಅನ್ನಿಸುವ ಒಬ್ಬ ಕಡ್ಡಿ ಮುದುಕಿ ಮುಂದೆ ಬಂದು, ಆ ಗಂಡುದನಿಯಲ್ಲಿ, "ಅಯ್ಯೋ, ಇಷ್ಟುದ್ದ ಇದೀಯಾ ನೀನು? ಮಲಗಿದ್ದಾಗ ಯಾರಿಗೆ ಗೊತ್ತಿತ್ತು" ಅಂದಳು. ಮೀಕ! ನಗು ಬಂದೇಬಿಟ್ಟಿತು. ಸ್ಮಶಾನಕ್ಕೆ ಹೊರಟವಳು ಬೀದಿಯಲ್ಲಿ ನಿಂತು ನಕ್ಕೆನಲ್ಲ ಅಂತ ನಾಚಿಕೆಯಾಯಿತು. ಮೀಕ ನನ್ನ ಕೈ ಹಿಡಿದು ಒತ್ತಿ, ಹೋಗಿ ಬನ್ನಿ ಅಂದಳು.

ಏರು ದಾರಿ. ನಾಲ್ಕು ಕಡೆ ಕೂತೆ. ಗೋಡೆಯ ಒಳಗೆ, ಸಮುದ್ರದ ಕಡೆಗೆ, ಒಂದು ಚಿಕ್ಕ ಮಣ್ಣಿನ ದಿಬ್ಬ. ಕಲ್ಲು ಇನ್ನೂ ಇಟ್ಟಿಲ್ಲ, ಹಲಗೆಯ ಮೇಲೆ ಕೋಸಿಮೊ ಹೆಸರು ಕೊರೆದಿದ್ದಾನೆ, ಒಂದಕ್ಷರ ತಲೆಕೆಳಗು. ನಾನು ಅಳುತ್ತೇನೆ ಅಂದುಕೊಂಡಿದ್ದೆ. ಆದರೆ ಅಮ್ಮನ ಮಂಡಿ ಮಡಚಿಕೊಂಡಿತು. ಕೂತದ್ದಲ್ಲ, ಕುಸಿದದ್ದು. ಇಷ್ಟು ತಿಂಗಳಲ್ಲಿ ಅವಳ ಕಣ್ಣಲ್ಲಿ ಒಂದು ಹನಿ ನೋಡಿರಲಿಲ್ಲ. ಮಣ್ಣಿಗೆ ಕೆನ್ನೆಯಿಟ್ಟು, "ಎಲ್ವಿರಾ, ಎಲ್ವಿರಾ" ಅಂತ ಅತ್ತಳು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತಳು, ಆ ಕಡೆಯವಕ್ಕೆ ಕರೆಯಲು ಹೆಸರಿಲ್ಲದೆ.

ಬಿಸಿಲು ಇಳಿಯುವ ತನಕ ಬಿಟ್ಟೆ. ಆಮೇಲೆ ನಾನು ಹಿಂದೆ ನಿಂತು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಹೇಗೋ ಎದ್ದಳು. ಇಳಿಯುವಾಗ ನನ್ನ ಕಾಲುಗಳು ಅದುರುತ್ತಿದ್ದವು, ಆದರೂ ಬೀಳಲಿಲ್ಲ.

ನಿಕೊದೇಮೊನಿಗೆ ನಾಳೆ ಬರೆಯಬೇಕು, ಬರುವುದಾದರೆ ಇಲ್ಲಿಗೇ ಬಾ ಅಂತ. ಕಲ್ಲು ಇಡಿಸುವುದಿದೆ, ಬಟಾಣಿ ಬಿತ್ತನೆಯೂ ಇದೆ, ಅಮ್ಮ ಒಬ್ಬಳೇ ಬಗ್ಗಲಾರಳು.

ಮನೆಗೆ ಬಂದು ಅವಳನ್ನು ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿದೆ. ಒಲೆ ಹಚ್ಚಿ ನೀರಿಟ್ಟೆ. ಬೇಳೆ ಸಿಕ್ಕಿತು, ಎಣ್ಣೆ ಸಿಕ್ಕಿತು. ಇಷ್ಟು ಕಾಲ ಈ ಮನೆಯ ಅನ್ನ ತಿಂದಿದ್ದೇನೆ, ಉಪ್ಪು ಎಲ್ಲಿದೆ ಅಂತ ಗೊತ್ತಿಲ್ಲ. ಎಲ್ಲ ಗಡಿಗೆಗಳ ಮುಚ್ಚಳ ತೆಗೆದು ನೋಡಿ ಸಾಕಾಗಿ, "ಅಮ್ಮ, ಉಪ್ಪೆಲ್ಲಿ ಇಟ್ಟಿದೀಯ?" ಅಂತ ಕೂಗಿದೆ.

ಒಳಗಿನಿಂದ, "ಕಣ್ಣೆದುರಿಗೇ ಇದೆ, ನೋಡು" ಅಂದಳು.